ವಿಟ್ಲಾಕರ ಸ್ಕೆರ್ಟ್ಸೊ ನನ್ನ ಕೈಗೆ ಬಗ್ಗಿದ್ದು

ಪೈಪ್ ಆರ್ಗನ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಮದುವೆಯ ಮೆರವಣಿಗೆ, ಶವಸಂಸ್ಕಾರದ ಗೀತೆ, ಇಲ್ಲವೇ ಭೂತಬಂಗಲೆಯ ಸಿನಿಮಾ. ಗೋಡೆಗೋಡೆಯನ್ನೇ ಆಕ್ರಮಿಸಿ ನಿಂತ ಈ ವಾದ್ಯಕ್ಕೂ ತುಂಟತನಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ತಪ್ಪಲ್ಲ. ಸ್ಕೆರ್ಟ್ಸೊ ಎಂಬುದು ಓಡುವ, ಹಗುರಾದ, ಕೇಳುಗರನ್ನು ಸ್ವಲ್ಪ ಯಾಮಾರಿಸುವ ರಚನೆ. ಸಿಂಫನಿಯಲ್ಲಿ ಮಿನ್ಯುಯೆಟ್ ಎಂಬ ನೃತ್ಯದ ಧಾಟಿ ಕೂರುತ್ತಿದ್ದ ಜಾಗವನ್ನು ಬೀಥೋವನ್ ಇದಕ್ಕೆ ಬಿಟ್ಟುಕೊಟ್ಟರು. ಮೆಂಡೆಲ್ಸನ್ ಅದನ್ನು ಕಾಲು ನೆಲಕ್ಕೆ ತಾಗದಷ್ಟು ಹಗುರ ಮಾಡಿದರು. ಪಿಯಾನೊದಲ್ಲಾದರೆ ಬೆರಳಿನ ಭಾರವನ್ನು ಹೆಚ್ಚು ಕಡಿಮೆ ಮಾಡಿ ಈ ಆಟ ಆಡಬಹುದು. ಆರ್ಗನ್ನಿನಲ್ಲಿ ಮೆಲ್ಲಗೆ ಒತ್ತಿದರೂ ಅಷ್ಟೇ ಸದ್ದು, ಗುದ್ದಿದರೂ ಅಷ್ಟೇ. ಒತ್ತಿ ಹಿಡಿದಿರುವಷ್ಟು ಹೊತ್ತು ಸ್ವರ ಕುಂದದೆ ನಿಂತಿರುತ್ತದೆ. ನುಡಿಸುವವರ ಕೈಯಲ್ಲಿ ಉಳಿಯುವುದು ಎರಡೇ: ಸ್ವರ ಯಾವಾಗ ಶುರುವಾಗಬೇಕು, ಯಾವಾಗ ನಿಲ್ಲಬೇಕು. ಈ ಎರಡನೆಯದನ್ನು ಕಲಿಯುವುದಕ್ಕೇ ನನ್ನ ಶ್ರಮದ ಬಹುಪಾಲು ಹೋಯಿತು.

ನಾನು ನುಡಿಸಿದ್ದು ಪರ್ಸಿ ವಿಟ್ಲಾಕ್ ಎಂಬ ಇಂಗ್ಲಿಷ್ ಸಂಗೀತಗಾರರ ಸ್ಕೆರ್ಟ್ಸೊ. 1929ರ ಅವರ ಐದು ಕಿರು ರಚನೆಗಳ ಗುಚ್ಛದಲ್ಲಿ ಇದು ನಾಲ್ಕನೆಯದು. ಮೊದಲು ಒಂದು ಅಲೆಗ್ರೆಟ್ಟೊ, ಆಮೇಲೆ ಜನಪದ ಧಾಟಿಯದೊಂದು, ನಿಧಾನಗತಿಯ ಆಂಡಾಂಟೆ, ಬಳಿಕ ಈ ಸ್ಕೆರ್ಟ್ಸೊ, ಕೊನೆಗೆ ಎದೆಯುಬ್ಬಿಸಿ ನಿಲ್ಲುವ ಪೇಯನ್ ಎಂಬ ಜಯಗೀತೆ. ಇಂಗ್ಲೆಂಡಿನ ಚರ್ಚುಗಳಲ್ಲಿ ಜನಪದ ಧಾಟಿಯದು ಆಗಾಗ ಕೇಳಸಿಗುತ್ತದೆ. ಸ್ಕೆರ್ಟ್ಸೊ ಅಪರೂಪ. ಆರಾಧನೆಯ ಕ್ರಮದಲ್ಲಿ ಅದಕ್ಕೆ ಒಪ್ಪುವ ಜಾಗ ಸುಲಭಕ್ಕೆ ಸಿಗುವುದಿಲ್ಲ. ಆರಂಭಕ್ಕೆ ಇಟ್ಟರೆ ಜನ ಪ್ರಾರ್ಥನೆಗೆ ಕೂರುವುದಿಲ್ಲ, ಕೊನೆಗೆ ಇಟ್ಟರೆ ಬಾಗಿಲ ಬಳಿಯ ಮಾತುಕತೆಯಲ್ಲಿ ಮುಳುಗಿಹೋಗುತ್ತದೆ. ಅದು ಸಂಗೀತ ಕಚೇರಿಗೆ ಸೇರಿದ ವಸ್ತು.

ವಿಟ್ಲಾಕ್ ಹುಟ್ಟಿದ್ದು 1903ರ ಜೂನ್ 1ರಂದು, ಕೆಂಟ್ ಪ್ರಾಂತದ ಚಾಟಮ್‌ನಲ್ಲಿ. ಪಕ್ಕದ ರೋಚೆಸ್ಟರ್ ಕೆಥೆಡ್ರಲ್‌ನ ಗಾಯಕವೃಂದದಲ್ಲಿ ಹಾಡುತ್ತ ಬೆಳೆದರು. ಕ್ರಿ.ಶ. 604ರಲ್ಲಿ ಸ್ಥಾಪನೆಯಾದ ಧರ್ಮಪ್ರಾಂತದ ಪೀಠ ಅದು. ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯಲ್ಲಿ ಕಲಿತು, ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ವಾನ್ ವಿಲಿಯಮ್ಸ್ ಎಂಬ ಸಂಗೀತ ಸಂಯೋಜಕರ ಶಿಷ್ಯರಾದರು. 1921ರಿಂದ 1930ರವರೆಗೆ ರೋಚೆಸ್ಟರಿನಲ್ಲಿಯೇ ಸಹಾಯಕ ಆರ್ಗನ್ ವಾದಕ. 1928ರಲ್ಲಿ ಅವರಿಗೆ ಕ್ಷಯರೋಗ ಇರುವುದು ಗೊತ್ತಾಯಿತು.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನನ್ನ ಹೊಟ್ಟೆಪಾಡು ನರ್ಸ್ ಕೆಲಸ. 1928ರಲ್ಲಿ ಕ್ಷಯ ಎಂದರೆ ಏನೆಂದು ಈಗಿನವರಿಗೆ ಹೇಳಬೇಕಾಗುತ್ತದೆ. ಕ್ಷಯವನ್ನು ಗುಣಪಡಿಸುವ ಔಷಧ ಸ್ಟ್ರೆಪ್ಟೊಮೈಸಿನ್ ಪತ್ತೆಯಾದದ್ದು 1943ರಲ್ಲಿ. ಅಲ್ಲಿಯವರೆಗೆ ಇದ್ದ ಮದ್ದೆಂದರೆ ವಿಶ್ರಾಂತಿ, ಒಳ್ಳೆಯ ಆಹಾರ, ತೆರೆದ ಗಾಳಿ, ಮಿಕ್ಕಿದ್ದು ಅದೃಷ್ಟ. ಇಪ್ಪತ್ತೈದರ ಹರೆಯದಲ್ಲಿ ಆ ಹೆಸರು ಕೇಳಿಸಿಕೊಂಡವನು ಮರುವರ್ಷ ಇಷ್ಟು ಚುರುಕಾದ, ಒಂದಿಷ್ಟೂ ಗೋಳಿಲ್ಲದ ರಚನೆ ಮಾಡುತ್ತಾನೆ. ಕಾಯಿಲೆಯಿಂದಲೇ ಕಲೆ ಹುಟ್ಟುತ್ತದೆ ಎಂಬ ಮಾತು ನನಗೆ ಹಿಡಿಸುವುದಿಲ್ಲ. ವಾರ್ಡಿನಲ್ಲಿ ಕೆಲಸ ಮಾಡಿದ ಯಾರಿಗೂ ಹಿಡಿಸದು. ಆದರೆ ಇದನ್ನು ನುಡಿಸುವಾಗ ಆ ಇಸವಿಗಳು ನನ್ನ ತಲೆಯಲ್ಲಿ ಇದ್ದೇ ಇರುತ್ತವೆ.

1930ರಲ್ಲಿ ಅವರು ದಕ್ಷಿಣದ ಕಡಲ ತಡಿಯ ಬೋರ್ನ್‌ಮತ್‌ಗೆ ಹೋದರು. ಮೊದಲು ಸೇಂಟ್ ಸ್ಟೀಫನ್ ಚರ್ಚಿನ ಸಂಗೀತದ ಹೊಣೆ. 1932ರಿಂದ ಅದರ ಜೊತೆಗೇ ಪುರಸಭೆಯ ಆರ್ಗನ್ ವಾದಕರ ಹುದ್ದೆ, ಅಂದರೆ ಪೆವಿಲಿಯನ್ ಎಂಬ ರಂಗಮಂದಿರದಲ್ಲಿ ವಾದನ. 1935ರ ನಂತರ ಚರ್ಚು ಬಿಟ್ಟು ಅಲ್ಲಿಯೇ ಪೂರ್ಣಾವಧಿ. ಪೆವಿಲಿಯನ್ನಿನದು ಕಾಂಪ್ಟನ್ ಕಂಪನಿಯ ನಾಲ್ಕು ಕೀಲಿಮಣೆಗಳ ಆರ್ಗನ್. ಅರ್ಧ ಕಚೇರಿಗೆ, ಅರ್ಧ ರಂಗಭೂಮಿಗೆ ಎಂಬಂತೆ ಕಟ್ಟಿದ್ದು. ಕೆಥೆಡ್ರಲ್‌ನಲ್ಲಿ ಪಳಗಿದವರು ರಜೆಗೆ ಬಂದ ಜನರ ಮುಂದೆ ವಾಲ್ಟ್ಸ್ ನುಡಿಸುವುದನ್ನು ಕಂಡು ಮೂಗು ಮುರಿಯುವವರು ಇಂದಿಗೂ ಇದ್ದಾರೆ. ನನಗನ್ನಿಸುವುದು ಬೇರೆ. ಕಡಲ ತಡಿಗೆ ಹೋಗುವ ಮೊದಲೇ ಬರೆದ ಈ ಸ್ಕೆರ್ಟ್ಸೊದಲ್ಲೇ ಆ ಮನುಷ್ಯನ ಒಲವು ಎತ್ತ ಎನ್ನುವುದು ಕಾಣುತ್ತದೆ. ಜನರನ್ನು ರಂಜಿಸುವುದು ಕೀಳು ಕೆಲಸ ಎಂದು ಅವರು ಎಂದೂ ಭಾವಿಸಿದಂತಿಲ್ಲ. ರೈಲಿನ ಹುಚ್ಚು ಬೇರೆ ಇತ್ತು. ಕೆನ್ನೆತ್ ಲಾರ್ಕ್ ಎಂಬ ಗುಪ್ತನಾಮದಲ್ಲೂ ಬರೆಯುತ್ತಿದ್ದರು.

ಇನ್ನು ನನ್ನ ಕಥೆ. ಉಡುಪಿಯ ಕಡೆಯ ಬಾಸೆಲ್ ಮಿಷನ್ ಪರಂಪರೆಯ ಸಭೆಯಲ್ಲಿ ಬೆಳೆದವಳು ನಾನು. ಅಪ್ಪ ಕಾಲಿನಿಂದ ತಿದಿ ತುಳಿಯುವ ಹಾರ್ಮೋನಿಯಂ ನುಡಿಸುತ್ತಿದ್ದರು, ಅವರ ಪಕ್ಕ ಕುಳಿತೇ ನಾನು ಕಲಿತದ್ದು. ಗೀತೆ ನುಡಿಸುವಾಗ ಅಪ್ಪನ ನಿಯಮ ಒಂದೇ: ಒಂದು ಮನೆಯಿಂದ, ಅಂದರೆ ಕೀಲಿಯಿಂದ, ಬೆರಳು ಏಳುವ ಮೊದಲೇ ಇನ್ನೊಂದು ಮನೆ ಒತ್ತಿರಬೇಕು, ನಡುವೆ ಬಿರುಕು ಬೀಳಬಾರದು. ಸಭೆ ಹಾಡುವಾಗ ಅದು ಸರಿಯೇ. ಕೆಂಟ್‌ನ ಆಸ್ಪತ್ರೆಯೊಂದಕ್ಕೆ ಕೆಲಸಕ್ಕೆ ಬಂದ ಮೇಲೆ ಮೆಡ್ವೇ ನದಿಯ ಆಸುಪಾಸಿನ ಒಂದು ಚರ್ಚಿನಲ್ಲಿ ಗೀತೆಗಳನ್ನು ನುಡಿಸತೊಡಗಿದೆ. ಅಲ್ಲಿಯೇ ನಿವೃತ್ತ ಆರ್ಗನ್ ವಾದಕಿಯೊಬ್ಬರು ನನಗೆ ಗುರುವಾಗಿ ಸಿಕ್ಕಿದರು. ಇಲ್ಲಿನ ರೂಢಿಯಂತೆ ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಹೊರಳಲಿಲ್ಲ. ಟೀಚರ್ ಎಂದೇ ಕರೆಯುತ್ತೇನೆ, ಅವರಿಗೂ ಅದು ಇಷ್ಟ. ಮಧ್ಯಾಹ್ನದ ಊಟದ ಹೊತ್ತಿಗೆ ನಡೆಯುವ ಕಿರು ಕಚೇರಿಗಳ ಸರಣಿಯಲ್ಲಿ ನನಗೊಂದು ದಿನ ಕೊಟ್ಟಾಗ ವಿಟ್ಲಾಕ್ ನುಡಿಸುತ್ತೇನೆ ಎಂದೆ. ಅವರ ಹುಟ್ಟೂರು ಅಲ್ಲಿಂದ ಕೂಗಳತೆಯಲ್ಲಿದೆ, ಆದರೂ ಆ ಬೆಂಚುಗಳಲ್ಲಿ ಕೂರುವ ಹಲವರಿಗೆ ಹೆಸರು ಗೊತ್ತಿರಲಿಲ್ಲ.

ಮೊದಲ ಪಾಠದಲ್ಲೇ ಟೀಚರ್ ಹೇಳಿದರು: "ಒತ್ತುವುದು ನಿನಗೆ ಬರುತ್ತದೆ. ಬಿಡುವುದನ್ನು ಕಲಿ."

ಅವರ ವಿಧಾನ ಹೀಗಿತ್ತು. ಒಂದು ಸ್ವರಕ್ಕೆ ಕಾಗದದ ಮೇಲೆ ಎಷ್ಟು ಕಾಲ ಬರೆದಿದೆಯೋ ಅದನ್ನು ಎರಡು ಸಮಭಾಗ ಮಾಡು. ಮೊದಲರ್ಧ ಸದ್ದು, ಉಳಿದರ್ಧ ಮೌನ. ಮೆಟ್ರೊನೊಮ್ ಎಂಬ ತಾಳ ಬಡಿಯುವ ಯಂತ್ರವನ್ನು ದುಪ್ಪಟ್ಟು ವೇಗಕ್ಕೆ ಇಡು, ಒಂದು ಏಟಿಗೆ ಬೆರಳು ಇಳಿಯಬೇಕು, ಮುಂದಿನ ಏಟಿಗೆ ಏಳಬೇಕು. ನುಡಿಸುವ ಗತಿ ಮಾತ್ರ ಆಮೆಯದೇ ಇರಲಿ. ಕೇಳುವುದಕ್ಕೆ ಇದರಲ್ಲಿ ಸಂಗೀತವೇ ಇಲ್ಲ. ಆದರೆ ಏಳುವುದಕ್ಕೂ ಒಂದು ತಾಳ ಇದೆ ಎಂಬುದು ಬೆರಳಿಗೆ ಅರ್ಥವಾಗುವುದು ಹೀಗೆಯೇ. ಇದು ಸಲೀಸಾದ ಮೇಲೆ ಸದ್ದಿನ ಪಾಲನ್ನು ಮೂರನೇ ಒಂದಕ್ಕೆ ಇಳಿಸುವುದು, ಮತ್ತೆ ಮೂರನೇ ಎರಡಕ್ಕೆ ಏರಿಸುವುದು. ಹೀಗೆ ಮಾಡಿದಾಗ ಒಂದೇ ಸ್ವರಕ್ಕೆ ಹಲವು ಉದ್ದಗಳು ಕೈವಶವಾಗುತ್ತವೆ. ಆರ್ಗನ್ನಿನಲ್ಲಿ ಉದ್ದ ಸ್ವರ ಕಿವಿಗೆ ತುಸು ಜೋರಾಗಿ, ಚಿಕ್ಕ ಸ್ವರ ತುಸು ಮೆಲ್ಲಗೆ ಕೇಳಿಸುತ್ತದೆ. ಬಲ ಹಾಕಲಾಗದ ವಾದ್ಯದಲ್ಲಿ ಒತ್ತು ಕೊಡುವ ಉಪಾಯ ಇದೊಂದೇ.

ಮೂರು ಸ್ವರಗಳನ್ನು ಒಟ್ಟಿಗೆ ಒತ್ತಿ ಚಕ್ಕನೆ ಬಿಡಬೇಕಾದಲ್ಲಿ ತೊಡಕು ಇನ್ನೂ ಹೆಚ್ಚು. ಒತ್ತುವಾಗ ಮೂರೂ ಬೆರಳು ಒಟ್ಟಿಗೆ ಇಳಿಯುತ್ತವೆ. ಬಿಡುವಾಗ ಉಂಗುರದ ಬೆರಳು ಸೋಮಾರಿ, ಒಂದು ಕೂದಲೆಳೆಯಷ್ಟು ತಡ. ಪಿಯಾನೊದಲ್ಲಿ ಅದು ಯಾರ ಕಿವಿಗೂ ಬೀಳದು. ಆರ್ಗನ್ನಿನಲ್ಲಿ ಆ ಬೆರಳಿನ ಸ್ವರ ಮಿಕ್ಕ ಎರಡು ಹೋದ ಮೇಲೂ ನಿಂತು, ಇಲ್ಲದ ಒಂದು ರಾಗದ ಎಳೆಯನ್ನು ಕೇಳಿಸುತ್ತದೆ. ಇದನ್ನು ಹಿಡಿಯಲು ಟೀಚರ್ ಕಲಿಸಿದ ಉಪಾಯವನ್ನು ಎಲ್ಲರಿಗೂ ಹೇಳುತ್ತೇನೆ: ಗಾಳಿ ಊದುವ ಯಂತ್ರವನ್ನು ಆರಿಸಿ, ಸದ್ದಿಲ್ಲದೆ ನುಡಿಸುವುದು. ನಮ್ಮದು ಹಳೆಯ ಯಾಂತ್ರಿಕ ಜೋಡಣೆಯ ಆರ್ಗನ್. ಮನೆಯಿಂದ ಕೊಳವೆಯ ಬುಡದ ಕವಾಟದವರೆಗೆ ಮರದ ತೆಳು ಪಟ್ಟಿಗಳ ಸಂಪರ್ಕ. ಗಾಳಿ ಇಲ್ಲದಾಗ ಮನೆಗಳು ಮೇಲೇಳುವ ಟಕಟಕ ಸದ್ದು ಮಾತ್ರ ಕೇಳುತ್ತದೆ. ಮೂರೂ ಬೆರಳು ಒಟ್ಟಿಗೆ ಎದ್ದರೆ ಒಂದೇ ಟಕ್. ಇಲ್ಲವಾದರೆ ಟರಕ್. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಖಾಲಿ ಚರ್ಚಿನಲ್ಲಿ ಕೂತು ಈ ಟಕಟಕ ಮಾಡುವಾಗ, ಹೂವು ಜೋಡಿಸಲು ಬಂದ ಹೆಂಗಸರು ಆರ್ಗನ್ ಕೆಟ್ಟಿದೆಯೇ ಎಂದು ವಿಚಾರಿಸಿದ್ದುಂಟು.

ಆಮೇಲೆ ಸ್ಟಾಪ್‌ಗಳ ಆಯ್ಕೆ. ಗೊತ್ತಿಲ್ಲದವರಿಗಾಗಿ: ಒಂದೊಂದು ಸ್ಟಾಪ್ ಗುಬುಟು ಎಳೆದಾಗ ಒಂದೊಂದು ಸಾಲು ಕೊಳವೆಗಳು ಕೆಲಸಕ್ಕೆ ಬರುತ್ತವೆ. 8 ಅಡಿ ಎಂದು ಬರೆದದ್ದು ಬರೆದ ಶ್ರುತಿಯಲ್ಲೇ ನುಡಿಯುತ್ತದೆ, 4 ಅಡಿಯದು ಒಂದು ಸ್ಥಾಯಿ ಮೇಲೆ, 2 ಅಡಿಯದು ಎರಡು ಸ್ಥಾಯಿ ಮೇಲೆ. ಕೊಳವೆಯ ಮೇಲ್ತುದಿ ಮುಚ್ಚಿದ್ದರೆ ಅರ್ಧ ಉದ್ದದಲ್ಲೇ ಅದೇ ಶ್ರುತಿ ಬರುತ್ತದೆ, ನಾದವೂ ಬೇರೆ, ಟೊಳ್ಳು ಮರದಂತಹ ತಿಳಿಸದ್ದು. ಇಂಥ ಮುಚ್ಚಿದ ಕೊಳವೆಗಳ ಕೆಲವು ಸಾಲುಗಳಲ್ಲಿ ಸ್ವರ ಹುಟ್ಟುವ ಕ್ಷಣಕ್ಕೆ ಒಂದು ಸಣ್ಣ ಉಸಿರುಶಬ್ದ ಇರುತ್ತದೆ, ಕಾದ ಕಾವಲಿಗೆ ನೀರಿನ ಹನಿ ಬಿದ್ದಂತೆ. ಸ್ಕೆರ್ಟ್ಸೊಗೆ ಆ ಚುಂಯ್ ಬಂಗಾರ. ಸ್ವರ ಎಷ್ಟು ಚಿಕ್ಕದಾದರೂ ಅದಕ್ಕೊಂದು ಅಂಚು ಸಿಗುತ್ತದೆ.

ರೋಚೆಸ್ಟರ್ ಕೆಥೆಡ್ರಲ್‌ನ ದೊಡ್ಡ ಆರ್ಗನ್ ದಿನವೂ ಕೈಯಡಿ ಇದ್ದವರು ಬರೆದದ್ದು ಇದು. ನಮ್ಮದಕ್ಕೆ ಎರಡೇ ಕೀಲಿಮಣೆ. 8 ಅಡಿಯ ಮುಚ್ಚಿದ ಕೊಳವೆ, 4 ಅಡಿಯ ಕೊಳಲು, ಬೇಕಾದಲ್ಲಿ ಮಾತ್ರ 2 ಅಡಿಯ ಪಿಕೊಲೊ, ಇಷ್ಟರಲ್ಲೇ ಸಂಸಾರ. ಒಂದು ಕಡೆ 8 ಅಡಿಯದನ್ನು ಪೂರ್ತಿ ಕೈಬಿಟ್ಟು, 4 ಅಡಿಯ ಕೊಳಲನ್ನು ಮಾತ್ರ ಎಳೆದು, ಒಂದು ಸ್ಥಾಯಿ ಕೆಳಗೆ ನುಡಿಸಿದೆ. ಕೇಳುವ ಶ್ರುತಿ ಅದೇ. ಆದರೆ ಕೊಳವೆಗಳು ಚಿಕ್ಕವು, ಬೇಗ ಮಾತಾಡುತ್ತವೆ. ಇದು ಆರ್ಗನ್ ನುಡಿಸುವವರ ಹಳೆಯ ಉಪಾಯ, ನನ್ನ ಕಂಡುಹಿಡಿತವಲ್ಲ. ಓಬೋ ಎಂಬ ನಾಲಗೆಯ ಸ್ಟಾಪನ್ನು (ಅದರ ಕೊಳವೆಗಳಲ್ಲಿ ಲೋಹದ ತೆಳು ನಾಲಗೆ ಅದುರಿ ಸದ್ದು ಹುಟ್ಟುತ್ತದೆ) ಒಂದೆಡೆ ಬಳಸುವ ಆಸೆ ಇತ್ತು. ಚಳಿಗಾಲದಲ್ಲಿ ಅದು ಆಗದ ಮಾತು. ಗಾಳಿ ತಣ್ಣಗಾದಾಗ ಕೊಳಲಿನಂಥ ಕೊಳವೆಗಳ ಶ್ರುತಿ ಇಳಿಯುತ್ತದೆ, ನಾಲಗೆಯವು ಅಷ್ಟಾಗಿ ಇಳಿಯುವುದಿಲ್ಲ. ವಾರದಲ್ಲಿ ಭಾನುವಾರ ಮಾತ್ರ ಬಿಸಿಗಾಳಿ ಹಾಕುವ ಚರ್ಚಿನಲ್ಲಿ ಬುಧವಾರ ಎರಡನ್ನೂ ಜೋಡಿಸಿದರೆ ಹಲ್ಲು ಜುಮ್ಮೆನ್ನುತ್ತದೆ.

ಮುಚ್ಚಿದ ಪೆಟ್ಟಿಗೆಯ ಬಗ್ಗೆ ಒಂದು ಮಾತು. ಸ್ವೆಲ್ ಎಂಬ ಕೀಲಿಮಣೆಯ ಕೊಳವೆಗಳೆಲ್ಲ ಒಂದು ದೊಡ್ಡ ಮರದ ಪೆಟ್ಟಿಗೆಯೊಳಗೆ ಇರುತ್ತವೆ. ಕಾಲಿನಿಂದ ಅದರ ಪಡಿಗಳನ್ನು ತೆರೆದು ಮುಚ್ಚಿ ಸದ್ದನ್ನು ಏರಿಳಿಸಬಹುದು. 1712ರಲ್ಲಿ ಲಂಡನ್ ಸೇತುವೆಯ ಬಳಿಯ ಸೇಂಟ್ ಮ್ಯಾಗ್ನಸ್ ಚರ್ಚಿನಲ್ಲಿ ಅಬ್ರಹಾಂ ಜೋರ್ಡನ್ ಇಂಥ ಪೆಟ್ಟಿಗೆ ಇಟ್ಟರು. ಇಂಗ್ಲಿಷ್ ಆರ್ಗನ್ ಸಂಗೀತದ ಅರ್ಧ ಸ್ವಭಾವ ಈ ಪೆಟ್ಟಿಗೆಯಿಂದ ಬಂದದ್ದು ಎನ್ನಬಹುದು. ಅದಕ್ಕೇ ಅದನ್ನು ಸಿಕ್ಕಾಪಟ್ಟೆ ಬಳಸುವ ಚಟವೂ ಅಂಟಿಕೊಂಡಿದೆ. ಪ್ರತಿ ನಾಲ್ಕು ಸ್ವರಕ್ಕೊಮ್ಮೆ ಪಡಿ ತೆರೆದು ಮುಚ್ಚಿದರೆ ಕೇಳುವವರಿಗೆ ಹಡಗಿನಲ್ಲಿ ಕೂತ ಅನುಭವ. ನಾನು ಪಡಿಗಳನ್ನು ಬಹುತೇಕ ಮುಚ್ಚಿಯೇ ಇಟ್ಟು, ತುಂಟತನವನ್ನು ಬೆರಳಿಗೆ ವಹಿಸಿದೆ. ಪಾದ ತಪ್ಪಿಯೂ ಅತ್ತ ಹೋಗದಂತೆ ನೋಡಿಕೊಳ್ಳುವುದೇ ಒಂದು ಅಭ್ಯಾಸವಾಯಿತು.

ಕಾಲಿನ ಕೆಲಸ, ಅಂದರೆ ಪೆಡಲ್ ಎಂಬ ಪಾದದ ಮನೆಗಳನ್ನು ತುಳಿದು ನುಡಿಸುವುದು, ನನಗೆ ಅತಿ ಕಷ್ಟದ್ದು. ತಿದಿ ತುಳಿಯುವ ಕಾಲಿಗೆ ಸ್ವರ ನುಡಿಸುವ ಬುದ್ಧಿ ಬರುವುದು ತಡ. 16 ಅಡಿಯ ಕೊಳವೆಗಳು ದಪ್ಪ, ಅವು ಬಾಯಿ ತೆರೆಯುವುದೇ ನಿಧಾನ. ಕೈಯಷ್ಟೇ ಚಿಕ್ಕದಾಗಿ ಕಾಲನ್ನೂ ಎತ್ತಿಬಿಟ್ಟರೆ ಸ್ವರವೇ ಹುಟ್ಟದೆ ಬರೀ ಬುಸ್ ಎನ್ನುವ ಗಾಳಿ. ಹಾಗಾಗಿ ಪೆಡಲ್ ಸ್ವರವನ್ನು ಕೈಗಿಂತ ಒಂದಿಷ್ಟು ಉದ್ದ ಹಿಡಿಯಬೇಕು, ಕೂದಲೆಳೆಯಷ್ಟು ಮೊದಲೇ ಇಳಿಸಬೇಕು. ಕೆಳಗೆ ಕುಳಿತವರಿಗೆ ಆಗ ಎರಡೂ ಸಮನಾಗಿ ಕೇಳುತ್ತವೆ. ತೆಳು ಚರ್ಮದ ಅಡಿಯ ಆರ್ಗನ್ ಬೂಟು ಕೊಳ್ಳಲು ಮೊದಮೊದಲು ಜಿಪುಣತನ ಮಾಡಿದ್ದೆ, ಆಸ್ಪತ್ರೆಯ ರಬ್ಬರ್ ಬೂಟಿನಲ್ಲೇ ನಿಭಾಯಿಸುತ್ತಿದ್ದೆ. ಸ್ಕೆರ್ಟ್ಸೊ ಆ ದುಡ್ಡನ್ನು ಖರ್ಚು ಮಾಡಿಸಿತು.

ವೇಗದ ವಿಚಾರದಲ್ಲಿ ಟೀಚರಿಗೂ ನನಗೂ ಜಗಳವೇ ಆಯಿತು. ಧ್ವನಿಮುದ್ರಣಗಳಲ್ಲಿ ಕೇಳಿದ ಓಟವೇ ನನಗೆ ಬೇಕಿತ್ತು. ಅವರು ಮಾತಾಡದೆ ನನ್ನ ಮೊಬೈಲನ್ನು ಕೊಂಡೊಯ್ದು ನಡುಸಾಲಿನ ಬೆಂಚಿನ ಮೇಲಿಟ್ಟು, ನುಡಿಸು ಎಂದರು. ಕೇಳಿಸಿಕೊಂಡಾಗ ಮಾತು ನಿಂತಿತು. ಆರ್ಗನ್ನಿನ ಎದುರು ಕೂತ ನನಗೆ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತಿತ್ತು; ಕಲ್ಲಿನ ಗೋಡೆ, ಎತ್ತರದ ಚಾವಣಿ ದಾಟಿ ಅಲ್ಲಿಗೆ ತಲುಪಿದ್ದು ಮಂಜು. ಒಂದು ಸ್ವರದ ಪ್ರತಿಧ್ವನಿ ಆರುವ ಮೊದಲು ಇನ್ನೊಂದು ಬಂದು ಬೀಳುತ್ತಿತ್ತು. ಅಲ್ಲಿಂದ ಮುಂದೆ ಗತಿಯನ್ನು ತೀರ್ಮಾನಿಸಿದ್ದು ಆ ಬೆಂಚು. ವೇಗ ಇಳಿಸಿ, ಸ್ವರಗಳನ್ನು ಇನ್ನಷ್ಟು ಕತ್ತರಿಸಿದೆ. ವಿಚಿತ್ರವೆಂದರೆ ನಿಧಾನಿಸಿದ ಮೇಲೆಯೇ ಅದು ಓಡುವಂತೆ ಕೇಳಿಸಿತು. "ಕೇಳುವವರಿಗೆ ಮೌನ ಸಿಕ್ಕರೆ ಮಾತ್ರ ಓಟ ಗೊತ್ತಾಗುವುದು" ಎಂದರು ಟೀಚರ್. ಜನ ತುಂಬಿದಾಗ ಕೋಟು ಶಾಲುಗಳು ಸದ್ದನ್ನು ಹೀರುತ್ತವೆ, ಆಗ ಒಂದಿಷ್ಟು ಬಿಗಿಯಾಗಿ ಹೋಗಬಹುದು. ಆದರೆ ಮಧ್ಯಾಹ್ನದ ಕಚೇರಿಗೆ ಜನ ತುಂಬುತ್ತಾರೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ.

ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಎಲೆಕ್ಟ್ರಾನಿಕ್ ಆರ್ಗನ್ನಿನಲ್ಲಿ ಇದನ್ನು ಅಭ್ಯಾಸ ಮಾಡುವವರು ಕೃತಕ ಪ್ರತಿಧ್ವನಿಯ ಗುಂಡಿಯನ್ನು ಮೊದಲು ಸೊನ್ನೆಗೆ ಇಳಿಸಿ. ಅದು ಬೆರಳಿನ ಕೊಳೆಯನ್ನೆಲ್ಲ ಮುಚ್ಚುತ್ತದೆ. ವಿಟ್ಲಾಕ್ ತೀರಿಕೊಂಡದ್ದು 1946ರಲ್ಲಾದ್ದರಿಂದ ಅವರ ರಚನೆಗಳ ಹಕ್ಕುಸ್ವಾಮ್ಯ ಭಾರತದಲ್ಲಿ 2006ರ ಕೊನೆಗೂ ಬ್ರಿಟನ್ನಿನಲ್ಲಿ 2016ರ ಕೊನೆಗೂ ಮುಗಿದಿದೆ. ಸ್ವರಲಿಪಿ ಹುಡುಕುವವರಿಗೆ ಇದು ತಿಳಿದಿದ್ದರೆ ಒಳ್ಳೆಯದು.

ಕಚೇರಿಯಲ್ಲಿ ಗುಚ್ಛದ ಕೊನೆಯ ಎರಡನ್ನು, ಅವುಗಳಿಗೂ ಮೊದಲು ಜನಪದ ಧಾಟಿಯದನ್ನು ನುಡಿಸಿದೆ. ಮೂರನ್ನು ಹೀಗೆ ಕಟ್ಟಿದ್ದಕ್ಕೆ ಕಾರಣವಿದೆ: ಮೊದಲನೆಯದರ ಎಳೆದ ರಾಗ ಕೇಳಿ ಕಿವಿ ಸಡಿಲವಾದಾಗ ಸ್ಕೆರ್ಟ್ಸೊದ ಚಿವುಟು ಚುರುಕಾಗಿ ತಾಗುತ್ತದೆ. ಪುಟ ತಿರುವಲು ಟೀಚರೇ ನಿಂತರು. ಓಟದ ರಚನೆಯಲ್ಲಿ ಪುಟ ತಿರುವುವವರು ತಲೆ ಅಲ್ಲಾಡಿಸುವವರೆಗೆ ಕಾಯುವಂತಿಲ್ಲ, ಒಂದು ಸಾಲು ಮೊದಲೇ ತಿರುಗಿಸಬೇಕು, ನುಡಿಸುವವರು ಆ ಕೊನೆಯ ಸಾಲನ್ನು ಬಾಯಿಪಾಠ ಮಾಡಿರಬೇಕು. ಹಾಗೆಯೇ ಮಾಡಿಕೊಂಡಿದ್ದೆವು. ಸ್ಕೆರ್ಟ್ಸೊ ಮುಗಿದ ತಕ್ಷಣ ಯಾರೋ ಒಬ್ಬರು ಗಟ್ಟಿಯಾಗಿ ನಕ್ಕರು. ಚರ್ಚಿನಲ್ಲಿ ಆರ್ಗನ್ ಕೇಳಿ ನಗುವುದೆಂದರೆ ಇಲ್ಲಿ ಸಣ್ಣ ಮಾತಲ್ಲ. ನನಗೆ ಚಪ್ಪಾಳೆಗಿಂತ ಅದೇ ಹೆಚ್ಚಾಯಿತು.

ಧ್ವನಿಮುದ್ರಣವನ್ನು ಊರಿಗೆ ಕಳಿಸಿದಾಗ ಚಿಕ್ಕಮ್ಮ ಫೋನ್ ಮಾಡಿದರು. "ಚೆನ್ನಾಗಿದೆ ಮಾರಾಯ್ತಿ, ಆದರೆ ದೇವಾಲಯದಲ್ಲಿ ಹೀಗೆಲ್ಲ ಕುಣಿಸಬಹುದಾ?" ಆರಾಧನೆಯ ಹೊತ್ತಿನಲ್ಲಿ ಅಲ್ಲ ಚಿಕ್ಕಮ್ಮ, ಮಧ್ಯಾಹ್ನದ ಕಚೇರಿ ಎಂದೆ. "ಹಾಗಾದರೆ ಸರಿ" ಎಂದವರು, ತುಸು ತಡೆದು, "ನಿನ್ನ ಅಪ್ಪ ಇದ್ದಿದ್ದರೆ ಬಿರುಕು ಬಿರುಕು ಎಂದು ಬೈಯುತ್ತಿದ್ದರು" ಎಂದರು. ಖಂಡಿತ ಬೈಯುತ್ತಿದ್ದರು.

ವಿಟ್ಲಾಕ್ ಕೊನೆಗಾಲದಲ್ಲಿ ದೃಷ್ಟಿಯನ್ನೂ ಕಳೆದುಕೊಂಡು, 1946ರ ಮೇ 1ರಂದು ಬೋರ್ನ್‌ಮತ್‌ನಲ್ಲಿ ತೀರಿಕೊಂಡರು. ನಲವತ್ತಮೂರು ತುಂಬಲು ಕೆಲವೇ ವಾರಗಳಿದ್ದವು. ಅದೇ ದಿನ ಉತ್ತರದಲ್ಲಿ, 1913ರಿಂದ ಯಾರ್ಕ್ ಮಿನ್‌ಸ್ಟರ್ ಎಂಬ ಕೆಥೆಡ್ರಲ್‌ನ ಆರ್ಗನ್ ವಾದಕರಾಗಿದ್ದ ಎಡ್ವರ್ಡ್ ಬೇರ್‌ಸ್ಟೋ ಕೂಡ ತೀರಿಕೊಂಡರು. ಬೇರ್‌ಸ್ಟೋ ಅವರದೂ ಒಂದು ಆರ್ಗನ್ ಸ್ಕೆರ್ಟ್ಸೊ ಇದೆ, ಎ ಫ್ಲಾಟ್ ಮೇಜರ್‌ನಲ್ಲಿ. ಈಗ ನನ್ನ ಮೇಜಿನ ಮೇಲಿರುವುದು ಅದು. ಆ ಶ್ರುತಿಗೆ ನಾಲ್ಕು ಕಪ್ಪು ಮನೆಗಳು. ನನ್ನ ಸೋಮಾರಿ ಉಂಗುರದ ಬೆರಳು ಅವುಗಳ ಮೇಲಿಂದ ಏಳುವುದಕ್ಕೆ ಇನ್ನೂ ಹೆಚ್ಚು ತಕರಾರು ಮಾಡುತ್ತಿದೆ. ಗಾಳಿ ಹಾಕಿ ನುಡಿಸಲು ಟೀಚರ್ ಇನ್ನೂ ಒಪ್ಪಿಲ್ಲ.